ಭಾಯಿಜಾನ್ ಮತ್ತು ಹಳದಿ ಕೈಗವಸು

ನಮ್ಮ ಮನೆಯಲ್ಲಿ ಇದಕ್ಕೆ ದಸ್ತಾನೆ ಅನ್ನುತ್ತೇವೆ. ಕನ್ನಡ ಪುಸ್ತಕದಲ್ಲಿ ಕೈಗವಸು. ಬಾಗೇವಾಡಿಯ ಅಂಗಡಿಯಲ್ಲಿ ಕೇಳಬೇಕಾದರೆ ಹ್ಯಾಂಡ್ ಗ್ಲೌಸ್ ಅನ್ನಬೇಕು. ಕಾಮರ್ಸ್ ಓದುವ ನಾನು ಇದರ ಬಗ್ಗೆ ಬರೆಯಲು ಕಾರಣ ನನ್ನ ಅಣ್ಣ. ಭಾಯಿಜಾನ್ ಕಿಟಕಿಗೆ ಗಾಜು ಕೂಡಿಸುವ, ಅಲ್ಯೂಮಿನಿಯಂ ಚೌಕಟ್ಟು ಮಾಡುವ ಕೆಲಸದಲ್ಲಿದ್ದಾರೆ. ಕಳೆದ ವರ್ಷ ದೊಡ್ಡ ಗಾಜೊಂದು ಜಾರಿ ಅವರ ಎಡ ಅಂಗೈ ಸೀಳಿತು. ಐದು ಹೊಲಿಗೆ ಬಿದ್ದವು, ಹನ್ನೆರಡು ದಿನ ಪಗಾರವಿಲ್ಲ. ಅವತ್ತು ಅವರು ಬರಿಗೈಯಲ್ಲಿ ಇರಲಿಲ್ಲ. ಎಲ್ಲ ಕಡೆ ಸಿಗುವ, ನೀಲಿ ಚುಕ್ಕಿ ಇರುವ ಬಿಳಿ ಹತ್ತಿ ಗ್ಲೌಸ್ ಹಾಕಿದ್ದರು. ಆ ಚುಕ್ಕಿಗಳು ಹಿಡಿತಕ್ಕೆ ಮಾತ್ರ. ಗಾಜಿನ ಅಂಚಿಗೆ ಹತ್ತಿ ಒಂದು ತಡೆಯೇ ಅಲ್ಲ.

ಹಾಗಾದರೆ ಕತ್ತರಿಸಲಾಗದ ನೂಲು ಎಲ್ಲಿಂದ ಬರುತ್ತದೆ? ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಸರ್ ಅವರನ್ನು ಕೇಳಿದೆ. ಅವರು ಹೇಳಿದ್ದನ್ನು ನಾನು ಶ್ಯಾವಿಗೆಯ ಲೆಕ್ಕದಲ್ಲಿ ಅರ್ಥ ಮಾಡಿಕೊಂಡೆ. ಎಳೆಯೊಳಗಿನ ಅಣುಗಳು ಉದ್ದ ಸರಪಳಿಗಳಂತೆ ಇರುತ್ತವೆ. ಸಾಮಾನ್ಯ ನೈಲಾನಿನಲ್ಲಿ ಅವು ಬೇಯಿಸಿದ ಶ್ಯಾವಿಗೆಯಂತೆ ಅಲ್ಲಲ್ಲಿ ಮಡಚಿ, ಸಿಕ್ಕಾಗಿರುತ್ತವೆ. ಕೆವ್ಲಾರ್ ಎಂಬ ನೂಲಿನಲ್ಲಿ ಕಟ್ಟಿಟ್ಟ ಒಣ ಶ್ಯಾವಿಗೆಯಂತೆ ನೆಟ್ಟಗೆ, ಒಂದರ ಪಕ್ಕ ಒಂದು ಅಂಟಿಕೊಂಡು ನಿಂತಿರುತ್ತವೆ. ಎಳೆದರೆ ಎಲ್ಲವೂ ಒಟ್ಟಿಗೆ ಭಾರ ಹೊರುತ್ತವೆ. ಅದಕ್ಕೇ ಅದು ಅಷ್ಟೇ ತೂಕದ ಉಕ್ಕಿಗಿಂತ ಸುಮಾರು 5 ಪಟ್ಟು ಗಟ್ಟಿ.

ಇದನ್ನು 1965ರಲ್ಲಿ ಕಂಡುಹಿಡಿದವರು ಅಮೆರಿಕದ ಡುಪಾಂಟ್ ಕಂಪನಿಯ ರಸಾಯನ ವಿಜ್ಞಾನಿ ಸ್ಟೆಫನಿ ಕ್ವೋಲೆಕ್. ಅವರು ಹುಡುಕುತ್ತಿದ್ದದ್ದು ಗಾಡಿಯ ಟೈರಿಗೆ ಬೇಕಾದ ಹಗುರ ನೂಲನ್ನು. ಒಂದು ದಿನ ಸಿಕ್ಕ ದ್ರಾವಣ ಮಜ್ಜಿಗೆಯಂತೆ ತೆಳ್ಳಗೆ, ಮಬ್ಬಾಗಿತ್ತು. ನೂಲು ತೆಗೆಯುವ ಯಂತ್ರದ ಸಿಬ್ಬಂದಿ, ಇದು ರಂಧ್ರಗಳಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಮೊದಲು ಒಪ್ಪಲಿಲ್ಲ. ಕ್ವೋಲೆಕ್ ಬಿಡಲಿಲ್ಲ. ಬೇರೆಯವರಾಗಿದ್ದರೆ ಆ ಮಜ್ಜಿಗೆಯನ್ನು ಚೆಲ್ಲಿಬಿಡುತ್ತಿದ್ದರೇನೋ!

ಇನ್ನೊಂದು ನೂಲು ಎಚ್‌ಪಿಪಿಇ. ಇದು ನಮ್ಮ ನೀರಿನ ಪ್ಲಾಸ್ಟಿಕ್ ಕೊಡದ ಜಾತಿಯದೇ, ಪಾಲಿಥಿಲೀನ್. ಸರಪಳಿಗಳು ಮಾತ್ರ ಬಹಳ ಉದ್ದ, ಎಳೆದು ನೆಟ್ಟಗೆ ಮಾಡಿದ್ದು. ನೀರಿನ ಮೇಲೆ ತೇಲುವಷ್ಟು ಹಗುರ. ಆದರೆ ಸುಮಾರು 150 ಡಿಗ್ರಿ ಸೆಲ್ಸಿಯಸ್ ಹತ್ತಿರ ಕರಗುತ್ತದೆ, ಆದ್ದರಿಂದ ಬಿಸಿ ಕೆಲಸಕ್ಕೆ ಬೇಡ. ಕೆವ್ಲಾರ್ ಕರಗುವುದಿಲ್ಲ.

ನಾನು ಮತ್ತು ಭಾಯಿಜಾನ್ ವಿಜಯಪುರದಲ್ಲಿ ಹಳದಿ ಕೆವ್ಲಾರಿನ ಒಂದು ಜೋಡಿ ಕೊಂಡೆವು, 350 ರೂಪಾಯಿ. ಹನ್ನೆರಡು ದಿನದ ಪಗಾರದ ಮುಂದೆ ಇದು ಎಷ್ಟು ಎಂದು ಲೆಕ್ಕ ಹಾಕಲು ಕಾಮರ್ಸ್ ಓದಬೇಕಿಲ್ಲ. ಅದರ ಮೇಲೆ ಸುತ್ತಿಗೆಯ ಚಿತ್ರ, ಇಎನ್ 388 ಎಂಬ ಯುರೋಪಿನ ಮಾನದಂಡದ ಹೆಸರು, ಕೆಳಗೆ 4ಎಕ್ಸ್43ಸಿ ಎಂದಿತ್ತು. ಅಂಗಡಿಯವರಿಗೂ ಅದರ ಅರ್ಥ ಗೊತ್ತಿರಲಿಲ್ಲ. ಮೊದಲ ಅಂಕಿ ಸವೆತಕ್ಕೆ, 4 ಎಂದರೆ ಅತಿ ಹೆಚ್ಚು. ಎರಡನೆಯದು ತಿರುಗುವ ದುಂಡು ಬ್ಲೇಡಿನ ಪರೀಕ್ಷೆ. ಅಲ್ಲಿ ಎಕ್ಸ್ ಇದ್ದರೆ ಫೇಲ್ ಎಂದಲ್ಲ, ಆ ಅಂಕ ಕೊಟ್ಟಿಲ್ಲ ಎಂದರ್ಥ. ನೂಲಿನಲ್ಲಿ ಉಕ್ಕಿನ ತಂತಿಯೋ ಗಾಜಿನ ಎಳೆಯೋ ಸೇರಿದ್ದರೆ ಬ್ಲೇಡೇ ಮೊಂಡಾಗಿ ಅಳತೆ ಸುಳ್ಳಾಗುತ್ತದೆ. ಮೂರನೆಯದು ಹರಿಯುವುದಕ್ಕೆ, ನಾಲ್ಕನೆಯದು ಚುಚ್ಚುವುದಕ್ಕೆ. ನಮಗೆ ಮುಖ್ಯವಾದದ್ದು ಕೊನೆಯ ಅಕ್ಷರ. ನೇರ ಬ್ಲೇಡನ್ನು 20 ಮಿಲಿಮೀಟರ್ ಎಳೆದಾಗ ಬಟ್ಟೆ ತುಂಡಾಗಲು ಎಷ್ಟು ಒತ್ತಡ ಬೇಕು ಎಂದು ಅದು ಹೇಳುತ್ತದೆ. ಎ ಎಂದರೆ 2 ನ್ಯೂಟನ್, ಸಿ ಎಂದರೆ 10, ಅಂದರೆ ಹೆಚ್ಚುಕಡಿಮೆ ಒಂದು ಕಿಲೋ ಭಾರ. ಎಫ್ ಎಂದರೆ 30. ಚುಚ್ಚುವ ಪರೀಕ್ಷೆ ಮಾಡುವುದು ದಪ್ಪ ಮೊಳೆಯಂಥ ಮೊನೆಯಿಂದ. ಸೂಜಿಯೋ ಸಣ್ಣ ತಂತಿಯೋ ಹೆಣಿಗೆಯ ಸಂದಿನಲ್ಲಿ ಸಲೀಸಾಗಿ ನುಗ್ಗುತ್ತದೆ.

ಮನೆಯಲ್ಲೂ ಒಂದು ಪ್ರಸಂಗ ನಡೆಯಿತು. ಹಳದಿ ಬಣ್ಣ ಕೊಳೆ ಎಂದುಕೊಂಡು ಅಮ್ಮಿ ಅದನ್ನು ಬ್ಲೀಚಿಂಗ್ ನೀರಿನಲ್ಲಿ ನೆನೆಹಾಕಲು ಹೊರಟಿದ್ದರು. "ಅಮ್ಮಿ, ಅದು ಹುಟ್ಟಿದ್ದೇ ಹಳದಿ" ಎಂದು ಕಸಿದುಕೊಂಡೆ. ಕ್ಲೋರಿನ್ ಬ್ಲೀಚ್ ಮತ್ತು ಬಿಸಿಲು ಎರಡೂ ಕೆವ್ಲಾರನ್ನು ದುರ್ಬಲಗೊಳಿಸುತ್ತವೆ, ನೋಡಲು ಮಾತ್ರ ಗಟ್ಟಿಯಾಗಿಯೇ ಕಾಣುತ್ತದೆ. ಈಗ ಅದನ್ನು ಸಾದಾ ಸೋಪಿನಲ್ಲಿ ತೊಳೆದು ನೆರಳಲ್ಲಿ ಒಣಗಿಸುತ್ತಾರೆ.

ಆದರೆ ನನ್ನನ್ನು ಹೆದರಿಸಿದ ಸಂಗತಿ ಬೇರೆ. ಹೊಸ ಗ್ಲೌಸ್ ಬಂದ ವಾರವೇ ಭಾಯಿಜಾನ್, ಇನ್ನೇನು ಆಗುತ್ತದೆ ಎಂಬ ಧೈರ್ಯದಲ್ಲಿ, ಅದನ್ನು ಹಾಕಿಕೊಂಡೇ ಡ್ರಿಲ್ ಯಂತ್ರದ ಮುಂದೆ ನಿಂತರಂತೆ. ಅಲ್ಲಿದ್ದ ಹಿರಿಯ ಕೆಲಸಗಾರರೊಬ್ಬರು ಸ್ವಿಚ್ ಆರಿಸಿ, "ತೆಗಿ ಮೊದಲ ಅದನ್ನ, ಕೈನ ಎಳಕೊಂಡ ಹೋಗ್ತದ" ಎಂದು ಬೈದರು. ಅವರು ಹೇಳಿದ್ದು ಸರಿ. ತಿರುಗುವ ಡ್ರಿಲ್ಲಿಗೆ ಹತ್ತಿಯ ಎಳೆ ಸಿಕ್ಕರೆ ಕೆಲವೊಮ್ಮೆಯಾದರೂ ಹರಿದುಹೋದೀತು. ಈ ನೂಲು ಹರಿಯುವುದಿಲ್ಲ. ನೂಲು ಗಟ್ಟಿಯಾದಷ್ಟೂ ಅದು ಸುತ್ತಿಕೊಂಡು ಬೆರಳನ್ನೇ ಒಳಗೆಳೆಯುತ್ತದೆ. ಜಾರುವ ಅಂಚಿಗೆ ಗುರಾಣಿಯಾಗುವ ಗುಣವೇ ತಿರುಗುವ ಯಂತ್ರದ ಮುಂದೆ ಉರುಳಾಗುತ್ತದೆ. ಡ್ರಿಲ್, ಲೇತ್, ಎಲ್ಲಕ್ಕೂ ಇದೇ ಮಾತು. ಇದನ್ನು ಗ್ಲೌಸಿನ ಪ್ಯಾಕೆಟ್ಟಿನ ಮೇಲೆ ಯಾರೂ ದೊಡ್ಡದಾಗಿ ಬರೆದಿರಲಿಲ್ಲ.

ಈಗ ಗಾಜು ಎತ್ತುವಾಗ ಹಾಕುತ್ತಾರೆ, ಡ್ರಿಲ್ ಹತ್ತಿರ ಹೋಗುವ ಮೊದಲು ಮೊಳೆಗೆ ನೇತುಹಾಕುತ್ತಾರೆ. ಎಡಗೈಯ ಹೆಬ್ಬೆರಳ ಬುಡದಲ್ಲಿ ಮೊನ್ನೆ ಒಂದು ಗೀರು ಬಿದ್ದು ಎಳೆ ಕಿತ್ತಿದೆ. "ಇನ್ನೂ ಎರಡು ತಿಂಗಳು ನಡೀತದೆ" ಅನ್ನುತ್ತಾರೆ. ನಾನು ಒಪ್ಪಿಲ್ಲ. ಭಾನುವಾರ ವಿಜಯಪುರಕ್ಕೆ ಹೋಗುವುದೆಂದು ತೀರ್ಮಾನವಾಗಿದೆ.