ಹಿಂದಿರುಗುವ ದಾರಿಯ ಬಾಡಿಗೆ

ಪರವೂರಿನಲ್ಲಿ ಸರಕನ್ನಿಳಿಸಿ ಬರಿದಾದ ಲಾರಿಯ ಮಾಲೀಕನ ಮುಂದೆ ಮೂರೇ ಮಾರ್ಗಗಳಿರುತ್ತವೆ: ಒಳ್ಳೆಯ ಬಾಡಿಗೆ ದೊರೆಯುವವರೆಗೆ ಅಲ್ಲಿಯೇ ಕಾಯುವುದು, ಖಾಲಿ ಗಾಡಿಯನ್ನೇ ಓಡಿಸಿಕೊಂಡು ಸರಕಿರುವ ಮತ್ತೊಂದು ಊರಿಗೆ ಹೋಗುವುದು, ಇಲ್ಲವೆ ಸಿಕ್ಕಿದಷ್ಟು ಬಾಡಿಗೆಗೆ ಸಿಕ್ಕಿದ ಲೋಡನ್ನು ಹೇರಿಕೊಂಡು ಊರ ದಾರಿ ಹಿಡಿಯುವುದು. ದೂರದಿಂದ ನೋಡುವವರಿಗೆ ಇದು ಅದೃಷ್ಟದ ಮಾತೆಂದು ತೋರಬಹುದಾದರೂ, ವಸ್ತುತಃ ಇದು ಅತ್ಯಂತ ಸೂಕ್ಷ್ಮವಾದ ಗಣಿತವಾಗಿದೆ. ನಮ್ಮ ದೇಶದ ಲಾರಿಗಳಲ್ಲಿ ಬಹುಭಾಗವು ಐದಕ್ಕಿಂತ ಕಡಿಮೆ ಗಾಡಿಗಳುಳ್ಳ ಸಣ್ಣ ಮಾಲೀಕರ ಕೈಯಲ್ಲಿರುವುದರಿಂದಲೂ, ನಾವು ಉಣ್ಣುವ ಬೇಳೆಯಿಂದ ಮನೆಗೆ ಬಳಸುವ ಸಿಮೆಂಟಿನವರೆಗೆ ಬಹುಪಾಲು ವಸ್ತುಗಳು ಇವರ ದುಡಿಮೆಯಿಂದಲೇ ನಮ್ಮನ್ನು ತಲಪುವುದರಿಂದಲೂ, ಈ ಗಣಿತವನ್ನು ಅರಿಯುವುದು ನಮ್ಮೆಲ್ಲರಿಗೂ ಉಚಿತವೇ ಸರಿ.

ಇದಕ್ಕೆಲ್ಲ ಮೂಲವಾದ ಕಾರಣವೊಂದಿದೆ. ಸರಕು ಎಲ್ಲ ದಿಕ್ಕುಗಳಿಗೂ ಸಮನಾಗಿ ಹರಿಯುವುದಿಲ್ಲ. ಲಾರಿಯಾದರೋ ಹೋದಷ್ಟು ದೂರವನ್ನು ಹಿಂದಿರುಗಿ ಬರಲೇಬೇಕು. ಕೇರಳವನ್ನೇ ನೋಡಬಹುದು. ಅಕ್ಕಿ, ಈರುಳ್ಳಿ, ತರಕಾರಿ ಮೊದಲಾದ ನಿತ್ಯೋಪಯೋಗಿ ಪದಾರ್ಥಗಳಿಗಾಗಿ ಆ ರಾಜ್ಯವು ನೆರೆನಾಡುಗಳನ್ನು ಬಹುವಾಗಿ ಅವಲಂಬಿಸಿದೆ. ಅಲ್ಲಿಂದ ಹೊರಬರುವ ಸರಕಾದರೆ ಪೆರುಂಬಾವೂರಿನ ಪ್ಲೈವುಡ್, ರಬ್ಬರು, ತೆಂಗಿನ ನಾರು ಇವೇ ಮುಂತಾದ ಕೆಲವಕ್ಕೆ ಸೀಮಿತವಾದುದು. ತುಂಬಿಕೊಂಡು ಹೋಗುವ ಲಾರಿಗಳು ಅನೇಕ, ತುಂಬಿಕೊಂಡು ಬರಬಲ್ಲವು ಕೆಲವೇ. ಆದುದರಿಂದ ಅದೇ ರಸ್ತೆಯಲ್ಲಿ, ಅಷ್ಟೇ ದೂರಕ್ಕೆ, ಹೋಗುವಾಗಿನ ಬಾಡಿಗೆಗೂ ಬರುವಾಗಿನ ಬಾಡಿಗೆಗೂ ಅಜಗಜಾಂತರವಾದರೆ ಅದು ಯಾರೊಬ್ಬರ ವಂಚನೆಯೂ ಅಲ್ಲ. ಅನುಭವಿಯಾದ ಮಾಲೀಕನು ಹೋಗುವ ಬಾಡಿಗೆಯನ್ನು ಒಪ್ಪಿಕೊಳ್ಳುವಾಗಲೇ ಹಿಂದಿರುಗುವ ದಾರಿಯ ಖರ್ಚಿನ ಒಂದು ಪಾಲನ್ನು ಅದರಲ್ಲಿ ಸೇರಿಸಿರುತ್ತಾನೆ. ಸೇರಿಸದೆ ಹೊರಟವನು ಸೇರುವ ಊರಿನಲ್ಲಿ ಲೋಡು ಗೊತ್ತುಮಾಡಿಕೊಡುವ ಬುಕಿಂಗ್ ಆಫೀಸಿನವರ ಮರ್ಜಿಗೆ ತನ್ನನ್ನು ಒಪ್ಪಿಸಿಕೊಂಡಂತಾಗುತ್ತದೆ.

ಚಿತ್ರದುರ್ಗದ ಕಡೆಯಿಂದ ಹತ್ತು ಚಕ್ರದ ಲಾರಿಯಲ್ಲಿ ಈರುಳ್ಳಿ ತುಂಬಿಕೊಂಡು, ಬೆಂಗಳೂರು, ಸೇಲಂ, ಕೊಯಮತ್ತೂರುಗಳ ಮೇಲೆ ಸುಮಾರು 750 ಕಿಲೋಮೀಟರು ಓಡಿ ಕೊಚ್ಚಿಯನ್ನು ಸೇರಿದ ಒಬ್ಬ ಮಾಲೀಕನನ್ನು ಊಹಿಸಿಕೊಳ್ಳೋಣ. ಲೆಕ್ಕದ ಸೌಕರ್ಯಕ್ಕಾಗಿ ಡೀಸೆಲ್ಲಿಗೆ ಲೀಟರಿಗೆ 90 ರೂಪಾಯಿಯೆಂದೂ, ಗಾಡಿ ಖಾಲಿಯಾಗಿ 5, ಲೋಡಾಗಿ 4 ಕಿಲೋಮೀಟರು ಮೈಲೇಜು ಕೊಡುತ್ತದೆಂದೂ ಇಟ್ಟುಕೊಳ್ಳೋಣ. ಗಾಡಿ ಓಡಲಿ ನಿಲ್ಲಲಿ, ಸಾಲದ ಕಂತು, ವಿಮೆ, ತೆರಿಗೆ, ಊಟ, ಭತ್ಯೆ ಎಲ್ಲ ಕೂಡಿ ದಿನಕ್ಕೆ 2,500 ರೂಪಾಯಿ ತಗಲುತ್ತದೆನ್ನೋಣ. ಕಾಯುವುದರಿಂದ ಖರ್ಚಿಲ್ಲವೆಂದು ಭಾವಿಸುವುದು ಈ ವೃತ್ತಿಗೆ ಹೊಸಬರಾದವರ ಮೊದಲನೆಯ ಭ್ರಮೆ. ನಿಂತ ಲಾರಿಯೂ ದುಡ್ಡು ತಿನ್ನುತ್ತಲೇ ಇರುತ್ತದೆ.

ಈಗ ಕೊಚ್ಚಿಯಿಂದ ಬೆಂಗಳೂರಿಗೆ, ಅಂದರೆ ಸುಮಾರು 550 ಕಿಲೋಮೀಟರಿಗೆ, 14,000 ರೂಪಾಯಿಯ ಅಗ್ಗದ ಲೋಡೊಂದು ಬಂದಿದೆ. ಇದನ್ನು ಹೋಗುವ ಬಾಡಿಗೆಯೊಡನೆ ಹೋಲಿಸಿ ನೊಂದುಕೊಳ್ಳುವುದು ವ್ಯರ್ಥ. ಖಾಲಿ ಬರುವುದರೊಡನೆ ಹೋಲಿಸುವುದೇ ಸರಿಯಾದ ಕ್ರಮ. ಖಾಲಿ ಬಂದರೂ 110 ಲೀಟರು ಡೀಸೆಲ್ಲು ಸುಡಲೇಬೇಕು. ಲೋಡಿನಿಂದ ಹೆಚ್ಚುವುದು ಇಪ್ಪತ್ತೇಳೂವರೆ ಲೀಟರು, ಅಂದರೆ ಸುಮಾರು 2,500 ರೂಪಾಯಿ. ಇದಕ್ಕೆ ದಲ್ಲಾಳಿಯ ಕಮಿಷನ್ನು, ಹಮಾಲಿ ಎಂದು 1,500ನ್ನೂ, ಹೇರಿ ಇಳಿಸುವುದರಲ್ಲಿ ಕಳೆಯುವ ಒಂದು ದಿನದ 2,500ನ್ನೂ ಸೇರಿಸಿದರೆ ಒಟ್ಟು 6,500. ಇದು ಆ ದಿನದ ಕನಿಷ್ಠ ಮಿತಿ. ಇದಕ್ಕಿಂತ ಕೆಳಗಿನ ಬಾಡಿಗೆಗೆ ಸರಕು ಹೇರುವುದಕ್ಕಿಂತ ಖಾಲಿ ಬರುವುದೇ ಲೇಸು. 14,000ದಲ್ಲಿ ಇದನ್ನು ಕಳೆದರೆ ಖಾಲಿ ಬರುವುದಕ್ಕಿಂತ 7,500 ರೂಪಾಯಿ ಹೆಚ್ಚು ಉಳಿಯುತ್ತದೆ.

ಕಾದರೆ 20,000ದ ಲೋಡು ಸಿಗುವ ಸಂಭವವಿದೆಯೆನ್ನೋಣ. ಹೆಚ್ಚುವರಿ ಲಾಭ 6,000. ಎರಡು ದಿನ ಕಾದರೆ ಅದರಲ್ಲಿ 5,000 ಕರಗಿ ಸಾವಿರ ಮಾತ್ರ ಉಳಿಯುತ್ತದೆ. ಮೂರನೆಯ ದಿನಕ್ಕೆ ಕಾಲಿಟ್ಟರೆ ನಷ್ಟವೇ. ಆದಕಾರಣ ವಿವೇಕಿಯಾದವನು ಕಾಯಲು ಕುಳಿತುಕೊಳ್ಳುವ ಮುನ್ನವೇ ಎಷ್ಟು ಹೊತ್ತಿನವರೆಗೆ ಕಾಯತಕ್ಕದ್ದೆಂಬುದನ್ನು ನಿಶ್ಚಯಿಸಿಕೊಂಡಿರುತ್ತಾನೆ. ನಿಶ್ಚಯವಿಲ್ಲದೆ ಕುಳಿತವನನ್ನು, ಇಷ್ಟು ದಿನ ಕಾದದ್ದಾಯಿತು, ಇನ್ನೊಂದು ದಿನ ನೋಡೋಣವೆಂಬ ಮೋಹವು ಹಿಡಿದು ನಿಲ್ಲಿಸುತ್ತದೆ. ಕಳೆದ ದಿನಗಳ ನಷ್ಟವು ಮುಂದಿನ ದಿನದ ತೀರ್ಮಾನಕ್ಕೆ ಆಧಾರವಾಗಲಾರದೆಂಬುದನ್ನು ಆ ಹೊತ್ತಿನಲ್ಲಿ ಮನಸ್ಸು ಒಪ್ಪುವುದು ಕಷ್ಟ.

ಖಾಲಿ ಓಡಿಸುವುದರಲ್ಲಿಯೂ ಎರಡು ಬಗೆಯುಂಟು. ಕೊಚ್ಚಿಯಿಂದ ಸುಮಾರು 190 ಕಿಲೋಮೀಟರು ದೂರದಲ್ಲಿ ಪಂಪು, ಮೋಟಾರು, ಎರಕದ ಸಾಮಾನುಗಳ ಕೊಯಮತ್ತೂರಿದೆ. ಅದರಾಚೆಗೆ ಬಟ್ಟೆಯ ತಿರುಪ್ಪೂರು ಇದೆ. ಇವೆರಡೂ ಊರಿನ ದಾರಿಯ ಕಡೆಗೇ ಇರುವುದರಿಂದ ಅಲ್ಲಿಯವರೆಗಿನ ಡೀಸೆಲ್ಲನ್ನು ದಂಡವೆಂದೆಣಿಸಬೇಕಾಗಿಲ್ಲ. ಯಾವ ಮಾರ್ಗವನ್ನು ಹಿಡಿದರೂ ಆ ದೂರವನ್ನು ಕ್ರಮಿಸಲೇಬೇಕು. ಲೋಡನ್ನು ಅರಸಿ ತೂತ್ತುಕುಡಿಯ ಬಂದರಿಗೆ ಹೋಗುವುದಾದರೆ ಮಾತು ಬೇರೆ. ಅದು ದಾರಿ ಬಿಟ್ಟ ಖರ್ಚು. ಕೊಯಮತ್ತೂರಿನಲ್ಲಿ ಬೆಂಗಳೂರಿಗೆ 15,000ದ ಲೋಡು ಅಂದೇ ಸಿಕ್ಕರೆ, ಭಾರ ಹೊತ್ತು ಓಡುವ ದೂರ 360 ಕಿಲೋಮೀಟರಿಗೆ ಇಳಿಯುವುದರಿಂದ, ಎಲ್ಲ ಕಳೆದು ಸುಮಾರು 9,400 ಉಳಿಯುತ್ತದೆ. ಕೊಚ್ಚಿಯ ಅಗ್ಗದ ಲೋಡಿಗಿಂತ ಇದು ಮೇಲು. ಆದರೆ ಅಲ್ಲಿ ಹೋಗಿ ಒಂದು ದಿನ ನಿಲ್ಲಬೇಕಾಗಿ ಬಂದರೆ 6,900ಕ್ಕೆ ಇಳಿದು ಮೇಲು ಕೀಳಾಗುತ್ತದೆ. ಒಂದೇ ದಿನದ ಅಂತರದಲ್ಲಿ ಸರಿಯಾದ ನಿರ್ಧಾರವು ತಪ್ಪಾಗಿ ಪರಿಣಮಿಸುವ ಈ ವೃತ್ತಿಯಲ್ಲಿ, ಮುಂದಿನ ಊರಿನಲ್ಲಿರುವ ಬಲ್ಲವನೊಬ್ಬ ಫೋನಿನಲ್ಲಿ "ಖಾಲೀನೇ ಬಾರಣ್ಣ, ಇಲ್ಲಿ ಲೋಡೈತೆ" ಎಂದು ಹೇಳುವ ಒಂದು ಮಾತಿನ ಬೆಲೆಯು ಒಂದು ದಿನದ ಖರ್ಚಿಗಿಂತ ಕಡಿಮೆಯಲ್ಲ.

ಕಾಲಕ್ಕೆ ಇಷ್ಟೊಂದು ಬೆಲೆಯಿರುವುದರಿಂದಲೇ, ರಸ್ತೆಯ ಮೇಲಿನ ಅಡೆತಡೆಗಳು ಕಡಮೆಯಾದಷ್ಟೂ ಲಾರಿ ಮಾಲೀಕನ ಆಯ್ಕೆಯ ಕ್ಷೇತ್ರವು ವಿಸ್ತಾರವಾಗುತ್ತದೆ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬರುವುದಕ್ಕೆ ಮುಂಚೆ ಪಾಲಕ್ಕಾಡಿನ ಬಳಿಯ ವಾಳಯಾರ್ ಚೆಕ್‌ಪೋಸ್ಟಿನಲ್ಲಿ ಲಾರಿಗಳು ಗಂಟೆಗಟ್ಟಲೆ ಸಾಲುಗಟ್ಟಿ ನಿಲ್ಲುತ್ತಿದ್ದುವು. ರಾಜ್ಯಗಳ ಮಾರಾಟ ತೆರಿಗೆಯ ತಪಾಸಣೆ ತಪ್ಪಿದ ಮೇಲೆ ಆ ಕಾಲಹರಣವು ಬಹುಮಟ್ಟಿಗೆ ತಪ್ಪಿತು.

ಆದರೆ ಇಷ್ಟೆಲ್ಲ ಲೆಕ್ಕವನ್ನು ಬಲ್ಲವನೂ ಎಷ್ಟೋ ಸಲ ಲೆಕ್ಕಕ್ಕೆ ವಿರುದ್ಧವಾಗಿ ನಡೆಯಬೇಕಾಗುತ್ತದೆ. ಬಾಡಿಗೆಯ ಒಂದು ಭಾಗ ಅಡ್ವಾನ್ಸಾಗಿ ಬಂದರೆ ಉಳಿದ ಬ್ಯಾಲೆನ್ಸು ಸರಕು ಮುಟ್ಟಿದ ರಸೀತಿ ಹಿಂದಿರುಗಿದ ಮೇಲೆಯೇ ಬರುವುದು. ಕಂತಿನ ತಾರೀಕು ಅದಕ್ಕಾಗಿ ಕಾಯುವುದಿಲ್ಲ. ಕೈಯಲ್ಲಿ ಡೀಸೆಲ್ಲಿಗೂ ದುಡ್ಡಿಲ್ಲದವನು ಅಡ್ವಾನ್ಸಿನ ಸಲುವಾಗಿಯೇ ಅಗ್ಗದ ಲೋಡನ್ನು ಹೇರುತ್ತಾನೆ. ಆ ಕೊರತೆಯನ್ನು ತುಂಬಿಕೊಳ್ಳಲು ಮಿತಿ ಮೀರಿ ಭಾರ ಹೇರಿದರೆ, 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ಪ್ರಕಾರ 20,000 ರೂಪಾಯಿಯ ದಂಡವೂ, ಮೇಲಿನ ಪ್ರತಿ ಟನ್ನಿಗೆ 2,000 ರೂಪಾಯಿಯೂ ಕಾದಿರುತ್ತವೆ. ನಿದ್ದೆಗೆಟ್ಟು ಓಡಿಸಿ ದಿನವನ್ನುಳಿಸಹೊರಟರೆ ಅಪಾಯವು ಆತನೊಬ್ಬನಿಗೇ ಅಲ್ಲ, ರಸ್ತೆಯಲ್ಲಿರುವ ಎಲ್ಲರಿಗೂ ಉಂಟು. ದಿನಕ್ಕೆ ಎಂಟು ಗಂಟೆಯ ದುಡಿಮೆಯ ಮಿತಿಯನ್ನು ವಿಧಿಸಿ 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ಐದು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ ಅನ್ವಯಿಸುವಂಥದಾಗಿದ್ದುದರಿಂದ, ತನ್ನ ಗಾಡಿಯನ್ನು ತಾನೇ ಓಡಿಸುವ ಒಂಟಿ ಮಾಲೀಕನು ಅದರ ಆಶ್ರಯದಿಂದ ಹೊರಗುಳಿದಿದ್ದನು.

ಅಗ್ಗದ ಲೋಡನ್ನು ಒಪ್ಪಿಕೊಳ್ಳುವುದಕ್ಕೆ ಇನ್ನೊಂದು ಮುಖವೂ ಉಂಟು. ಒಬ್ಬನು ಕಷ್ಟಕ್ಕೆ ಸಿಲುಕಿ ಒಪ್ಪಿಕೊಂಡ ಬಾಡಿಗೆಯು ಮರುದಿನ ಅದೇ ಬುಕಿಂಗ್ ಆಫೀಸಿನಲ್ಲಿ ಎಲ್ಲರಿಗೂ ಹೇಳುವ ದರವಾಗಿ ಪರಿಣಮಿಸುತ್ತದೆ. ವ್ಯಕ್ತಿಗೆ ಅಂದಿಗೆ ಸರಿಯಾದುದು ಸಮುದಾಯಕ್ಕೆ ಹಾನಿಕರವಾಗಬಹುದಾದ ಈ ಸಂಕಟವನ್ನು ಒಬ್ಬಂಟಿಯಾಗಿ ಯಾರೂ ಪರಿಹರಿಸಲಾರರು.

ಆದುದರಿಂದ ಸ್ವತಂತ್ರ ಲಾರಿ ಮಾಲೀಕನ ಸ್ವಾತಂತ್ರ್ಯವು ಗಾಡಿ ತನ್ನ ಹೆಸರಿನಲ್ಲಿದೆಯೆಂಬುದರಲ್ಲಿಲ್ಲ. ಬೇಡವಾದ ಲೋಡನ್ನು ಬೇಡವೆನ್ನಬಲ್ಲ ಶಕ್ತಿಯಲ್ಲಿದೆ. ಕೈಯಲ್ಲಿ ಒಂದು ತಿಂಗಳ ಕಂತಿನಷ್ಟು ಹಣ, ಹೋಗುವ ಊರಿನ ಸರಕಿನ ಪರಿಚಯ, ಸತ್ಯ ಹೇಳುವ ಕೆಲವರು ಸ್ನೇಹಿತರು, ಇವು ಮೂರಿದ್ದವನಿಗೆ ಕಾಯುವುದೂ ಖಾಲಿ ಓಡಿಸುವುದೂ ಅಗ್ಗದ ಲೋಡನ್ನು ಹೇರುವುದೂ ತಾನೇ ಆರಿಸಿಕೊಂಡ ಉಪಾಯಗಳಾಗುತ್ತವೆ. ಇಲ್ಲದವನಿಗೆ ಅವು ಮೂರೂ ಅನಿವಾರ್ಯಗಳು. ಸರಕು ಕಳುಹಿಸುವವರು ಬ್ಯಾಲೆನ್ಸನ್ನು ತಡವಿಲ್ಲದೆ ಸಲ್ಲಿಸಿದರೆ ಅದೊಂದರಿಂದಲೇ ಈ ಶಕ್ತಿಯ ಅರ್ಧ ಭಾಗವನ್ನು ಈತನಿಗೆ ದೊರಕಿಸಿಕೊಟ್ಟಂತಾದೀತು. ಅದಕ್ಕೆ ಹೊಸ ಕಾನೂನು ಬೇಕಿಲ್ಲ; ದುಡಿದವನ ಹಣ ದುಡಿದವನಿಗೆ ಸಕಾಲದಲ್ಲಿ ಸಲ್ಲತಕ್ಕದ್ದೆಂಬ ಸಾಮಾನ್ಯ ಧರ್ಮ ಸಾಕು.