ಕಾದ ಅಚ್ಚು

ಮೈಸೂರಿನ ಚಾಮುಂಡಿಬೆಟ್ಟ ಸಮುದ್ರಮಟ್ಟದಿಂದ 1000 ಮೀಟರಿಗೂ ಎತ್ತರವಾಗಿದೆ. ಬಸ್ಸು ಅದನ್ನೇರುವಾಗ ಎಂಜಿನ್ನಿನ ಸದ್ದು ಎಲ್ಲರಿಗೂ ಕೇಳಿಸುತ್ತದೆ. ಹಿಂದಿನ ಅಚ್ಚಿನ, ಎಂದರೆ ಆಕ್ಸೆಲ್ಲಿನ, ದುಡಿಮೆ ಯಾರ ಕಣ್ಣಿಗೂ ಬೀಳುವುದಿಲ್ಲ. ಎಂಜಿನ್ನಿನ ಬಲವನ್ನು ಗಾಲಿಗಳಿಗೆ ಮುಟ್ಟಿಸುವ ಹಲ್ಲುಚಕ್ರಗಳು ಅದರ ನಡುವಿನ ಗೂಡಿನಲ್ಲಿ ಎಣ್ಣೆಯ ನಡುವೆ ತಿರುಗುತ್ತವೆ. ಹಲ್ಲಿಗೆ ಹಲ್ಲು ಉಜ್ಜಿದಾಗ ಶಾಖ ಹುಟ್ಟುವುದು ಸಹಜ. ಅದು ಮಿತಿಮೀರಿದರೆ ರೋಗದ ಲಕ್ಷಣ.

ಬಲ್ಲ ಮೆಕ್ಯಾನಿಕ್ಕು ವೈದ್ಯನಂತೆ ಮೊದಲು ಶಾಖದ ನೆಲೆಯನ್ನು ಹುಡುಕುತ್ತಾನೆ. ಬೆಟ್ಟವಿಳಿದ ಬಸ್ಸಿನ ಗಾಲಿಗಳೆಲ್ಲವೂ ಬ್ರೇಕಿನಿಂದ ಬಿಸಿಯಾಗಿರುತ್ತವೆ. ಆದರೆ ಒಂದೇ ಗಾಲಿ ಹೆಚ್ಚು ಕಾದಿದ್ದರೆ ಅಲ್ಲಿ ಬ್ರೇಕು ಬಿಡದೆ ಹಿಡಿದಿರಬಹುದು, ಇಲ್ಲವೇ ಬೇರಿಂಗು ಕೆಟ್ಟಿರಬಹುದು. ನಡುವಿನ ಗೂಡೇ ಕಾದಿದ್ದರೆ ಎಣ್ಣೆಯನ್ನು ಪರೀಕ್ಷಿಸಬೇಕು. ಎಣ್ಣೆ ಕಡಮೆಯಾದರೆ ಘರ್ಷಣೆ ಹೆಚ್ಚುತ್ತದೆ; ಅತಿಯಾದರೂ ಅದು ಕಡೆದು, ನೊರೆಯೆದ್ದು ಕಾಯುತ್ತದೆ. ಎಣ್ಣೆಯಲ್ಲಿ ಲೋಹದ ಚೂರುಗಳಿದ್ದರೆ ಹಲ್ಲಾಗಲಿ ಬೇರಿಂಗಾಗಲಿ ಸವೆಯುತ್ತಿದೆಯೆಂದು ತಿಳಿಯಬೇಕು. ಗೂಡಿನ ಗಾಳಿಕಂಡಿ ಕಟ್ಟಿಕೊಂಡಿದ್ದರೆ ಒಳಗಿನ ಒತ್ತಡಕ್ಕೆ ಎಣ್ಣೆ ಸೀಲನ್ನು ದಾಟಿ ಸೋರುತ್ತದೆ.

ಕಾರಣವನ್ನರಿಯದೆ ಹೊಸ ಎಣ್ಣೆ ತುಂಬಿ ಹೊರಟರೆ ರೋಗ ಮರೆಯಾಗುವುದೇ ಹೊರತು ಮಾಯುವುದಿಲ್ಲ. ಬೆಟ್ಟದ ತಿರುವಿನಲ್ಲಿ ಬೇರಿಂಗು ಬಿಗಿದು ನಿಂತರೆ ಒದಗುವ ಆಪತ್ತು ಚಾಲಕನೊಬ್ಬನದಲ್ಲ, ಬಸ್ಸಿನಲ್ಲಿ ಕುಳಿತ ಎಲ್ಲರದು.