ಶಾಲೆಯ ಗಂಟೆ, ಅತಿಥಿಯ ತಿಂಡಿ

ಫ್ರಾನ್ಸಿನ ನೈಋತ್ಯದಲ್ಲಿರುವ ದೊರ್ದೋನ್ ಸೀಮೆಯ ಹಳ್ಳಿಗಳಲ್ಲಿ ಹಳೆಯ ಕಲ್ಲುಮನೆ ಕೊಂಡು, ಎರಡು ಮೂರು ಕೋಣೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಟ್ಟು ಬಾಳುವ ಕುಟುಂಬಗಳಿವೆ. ಇಂಗ್ಲೆಂಡ್, ನೆದರ್‌ಲ್ಯಾಂಡ್ಸ್‌ನಿಂದ ಪುಟ್ಟ ಮಕ್ಕಳನ್ನು ಕಟ್ಟಿಕೊಂಡು ಬಂದು ನೆಲೆಸಿದವರೂ ಅವರಲ್ಲಿದ್ದಾರೆ. ಕೊಡಗಿನ, ಮಲೆನಾಡಿನ ಹೋಂಸ್ಟೇ ಕಂಡವರಿಗೆ ಇದೇನೂ ಹೊಸದಲ್ಲ. ಆದರೆ ಅಲ್ಲಿ ಪಾತ್ರೆ ತೊಳೆಯಲು ಆಳಿಲ್ಲ, ಮಗುವನ್ನು ಎತ್ತಿಕೊಳ್ಳಲು ಅಜ್ಜಿಯಿಲ್ಲ. ಎಲ್ಲವೂ ಗಂಡ-ಹೆಂಡತಿಯರ ನಾಲ್ಕು ಕೈಯಲ್ಲೇ ಆಗಬೇಕು. ಹಾಗಾಗಿ ಈ ಕಸುಬಿನಲ್ಲಿ ಬಂಡವಾಳಕ್ಕಿಂತ ಹೆಚ್ಚು ಸತಾಯಿಸುವುದು ಗಡಿಯಾರ.

ಮೊದಲು ಕಾನೂನು. ಇಂಥ ಮನೆಗೆ ಅಲ್ಲಿ ಶಾಂಬ್ರ್ ದೋತ್ ಎನ್ನುತ್ತಾರೆ. ಹೆಚ್ಚೆಂದರೆ 5 ಕೋಣೆ, 15 ಜನ. ಕೋಣೆಗಳು ಮಾಲೀಕರು ವಾಸಿಸುವ ಮನೆಯದ್ದೇ ಆಗಿರಬೇಕು, ಅತಿಥಿಗಳನ್ನು ಮನೆಯವರೇ ಬರಮಾಡಿಕೊಳ್ಳಬೇಕು. ಹಾಸಿಗೆ ಬಟ್ಟೆ, ಟವೆಲು, ಬೆಳಗಿನ ತಿಂಡಿ ಬಾಡಿಗೆಯಲ್ಲೇ ಸೇರಿರಬೇಕು. ಶುರುಮಾಡುವ ಮುನ್ನ ಊರಿನ ಪುರಸಭೆ ಕಚೇರಿಗೆ, ಅಂದರೆ ಮೇರಿಗೆ, ಲಿಖಿತವಾಗಿ ತಿಳಿಸಬೇಕು. ಮಕ್ಕಳನ್ನು ಸರಕಾರಿ ಶಾಲೆಗೆ ಸೇರಿಸಲು ಹೆಸರು ಬರೆಸುವುದೂ ಆ ಮೇರಿಯಲ್ಲೇ. ಹಳ್ಳಿಯಲ್ಲಾದರೆ ಎರಡೂ ಅರ್ಜಿ ತೆಗೆದುಕೊಳ್ಳುವ ಗುಮಾಸ್ತರು ಒಬ್ಬರೇ ಇದ್ದಾರು. ಮಕ್ಕಳು ಸಾಲದೆ ತರಗತಿ ಮುಚ್ಚುವ ಭಯದಲ್ಲಿರುವ ಊರುಗಳು ಬೇಕಾದಷ್ಟಿರುವುದರಿಂದ, ಮೂರು ಮಕ್ಕಳ ಸಂಸಾರವೊಂದು ಬಂತೆಂದರೆ ಕೋಣೆಗಳಿಗಿಂತ ಮಕ್ಕಳ ಸುದ್ದಿಯೇ ಬೇಗ ಹಬ್ಬುತ್ತದೆ.

2019ರಿಂದ ಅಲ್ಲಿ ಮೂರು ವರ್ಷ ತುಂಬಿದ ಮಕ್ಕಳಿಗೆ ಶಿಕ್ಷಣ ಕಡ್ಡಾಯ. ಮನೆ ನಡೆಸುವವರಿಗೆ ಇದು ದೊಡ್ಡ ವರವೇ. ಮಗು ಬೆಳಿಗ್ಗೆ ಹೋದರೆ ಮಧ್ಯಾಹ್ನ ಶಾಲೆಯಲ್ಲೇ ಊಟ, ಮರಳುವುದು ಸುಮಾರು ನಾಲ್ಕೂವರೆಗೆ. ಶಾಲೆಯ ಊಟದಲ್ಲಿ ವಾರಕ್ಕೊಮ್ಮೆಯಾದರೂ ಸಸ್ಯಾಹಾರ ಇರಲೇಬೇಕೆಂಬ ಕಾನೂನಿದೆ. ಉಳಿದ ದಿನ ಮಾಂಸ ಮುಟ್ಟದ ಮನೆಯವರು ಏನು ಮಾಡಬೇಕೆಂದು ಮುಂಚೆಯೇ ಕೇಳಿಕೊಳ್ಳುವುದು ಒಳ್ಳೆಯದು. ಮೂರರೊಳಗಿನ ಕೂಸಿಗೆ ಪರವಾನಗಿ ಪಡೆದ ನೂನೂಗಳು ಸಿಗುತ್ತಾರೆ. ತಮ್ಮ ಮನೆಯಲ್ಲೇ ಮೂರು ನಾಲ್ಕು ಮಕ್ಕಳನ್ನು ನೋಡಿಕೊಳ್ಳುವ ಹೆಂಗಸರು ಇವರು.

ಇಕ್ಕಟ್ಟು ಬರುವುದು ಬೆಳಿಗ್ಗೆ. ಶಾಲೆಯ ಬಾಗಿಲು ತೆರೆಯುವುದು ಸಾಧಾರಣವಾಗಿ ಎಂಟೂವರೆಯ ಆಸುಪಾಸಿಗೆ, ಅತಿಥಿ ಹಸಿದು ಕೆಳಗಿಳಿಯುವುದೂ ಅದೇ ಹೊತ್ತಿಗೆ. ಹಳ್ಳಿಗಳಲ್ಲಿ ಇನ್ನೊಂದು ಪೇಚು: ಎರಡು ಮೂರು ಊರುಗಳು ಸೇರಿ ಶಾಲೆ ನಡೆಸುವ ಕಡೆ ಚಿಕ್ಕವರ ತರಗತಿ ಒಂದೂರಲ್ಲಿ, ದೊಡ್ಡವರದು ಇನ್ನೊಂದೂರಲ್ಲಿ. ಅಕ್ಕನನ್ನು ಬಸ್ಸು ಹತ್ತಿಸಿ ತಮ್ಮನನ್ನು ಬಿಟ್ಟು ಬರುವಷ್ಟರಲ್ಲಿ ಮೇಜಿನ ಮೇಲೆ ಕಾಫಿ ಆರಿರುತ್ತದೆ.

ಇದಕ್ಕೆ ಮಂದಿ ಕಂಡುಕೊಂಡ ದಾರಿ ಸರಳ. ರಾತ್ರಿಯೇ ಮೇಜಿಗೆ ಬಟ್ಟೆ ಹಾಸಿ ಬಟ್ಟಲು, ಚಾಕು, ಜಾಮಿನ ಸೀಸೆ ಜೋಡಿಸಿಡುತ್ತಾರೆ. ಏಳೂಕಾಲಿಗೆ ಒಬ್ಬರು ಬೇಕರಿಯಿಂದ ಬಿಸಿ ಬಗೆತ್ತು, ಕ್ರೋಸಾಂ ತರುತ್ತಾರೆ, ಇನ್ನೊಬ್ಬರು ಮಕ್ಕಳಿಗೆ ಶೂ ಹಾಕುತ್ತಾರೆ. ಫ್ರೆಂಚರ ತಿಂಡಿ ಬಹುಪಾಲು ಒಲೆ ಹಚ್ಚದೆ ಮುಗಿಯುವಂಥದ್ದು, ನಮ್ಮಂತೆ ಕಾವಲಿಯ ಮುಂದೆ ದೋಸೆ ಹೊಯ್ಯುತ್ತ ನಿಲ್ಲಬೇಕಿಲ್ಲ. ಒಬ್ಬರೇ ಇರುವ ದಿನಗಳಿಗೆ, ತಿಂಡಿ ಎಂಟೂಮುಕ್ಕಾಲರಿಂದ ಹತ್ತರವರೆಗೆ ಎಂದು ಬುಕಿಂಗ್ ಆಗುವಾಗಲೇ ತಿಳಿಸಿಬಿಟ್ಟರಾಯಿತು. ರಜೆಗೆ ಬಂದವರು ಬೇಸರಪಡುವುದಿಲ್ಲ. ಅವಸರ ಪಡುವವರು ಯಾತ್ರಿಕರು: ವೆಜ಼ಲೇಯಿಂದ ಹೊರಟು ಸ್ಪೇನಿನ ಸ್ಯಾಂಟಿಯಾಗೊಗೆ ನಡೆದು ಹೋಗುವವರ ದಾರಿ ದೊರ್ದೋನಿನ ಪೆರಿಗ್ಯೂ ಪಟ್ಟಣದ ಮೂಲಕ ಹಾಯುತ್ತದೆ. ಅವರಿಗೆ ಫ್ಲಾಸ್ಕಿನಲ್ಲಿ ಕಾಫಿ, ಬುತ್ತಿಯಲ್ಲಿ ಬ್ರೆಡ್ಡು ಇಟ್ಟು ಮಲಗಬಹುದು. ಇನ್ನು ಬುಧವಾರ. ಹೆಚ್ಚಿನ ಊರುಗಳಲ್ಲಿ ಪ್ರಾಥಮಿಕ ಶಾಲೆ ವಾರಕ್ಕೆ ನಾಲ್ಕೇ ದಿನ, ಬುಧವಾರ ರಜೆ. ಅಂದು ದೊಡ್ಡ ಕೆಲಸ ಇಟ್ಟುಕೊಳ್ಳದವರೇ ಜಾಣರು.

ಹಗಲಿನ ಬಹುಭಾಗವನ್ನು ನುಂಗುವುದು ಬಟ್ಟೆ ಒಗೆತ. ಒಂದು ಡಬಲ್ ಕೋಣೆಯೆಂದರೆ ಹೊದಿಕೆಯ ಚೀಲ, ಹಾಸು, ನಾಲ್ಕು ದಿಂಬಿನ ಗವಸು, ನಾಲ್ಕು ಟವೆಲು, ಸ್ನಾನದ ಮನೆಯ ಮ್ಯಾಟು. ಎಂಟು ಕಿಲೋದ ಮನೆ ಮಷಿನ್ನಿಗೆ ಇದೇ ಒಂದು ಹೊರೆ, 60 ಡಿಗ್ರಿಯಲ್ಲಿ ಒಗೆದರೆ ಎರಡು ತಾಸಿಗೂ ಹೆಚ್ಚು. ಶನಿವಾರ ಬೆಳಿಗ್ಗೆ ಮೂರು ಕೋಣೆ ಖಾಲಿಯಾಗಿ ಸಂಜೆ ಮೂರೂ ತುಂಬುವುದಿದ್ದರೆ, ಒಗೆದು ಒಣಗಿಸಿ ಅದೇ ಬಟ್ಟೆ ಹಾಸುತ್ತೇನೆ ಎನ್ನುವುದು ಆಗದ ಮಾತು. ಆದ್ದರಿಂದ ಹಾಸಿಗೆಗೆ ಮೂರು ಜೊತೆ ಬೇಕು: ಒಂದು ಹಾಸಿದ್ದು, ಒಂದು ಒಗೆಯಲು ಹೋದದ್ದು, ಒಂದು ಕಪಾಟಿನಲ್ಲಿ. ಎಲ್ಲವೂ ಬಿಳಿಯದೇ ಇರಲಿ. ಕಲೆಯಾದರೆ ಬ್ಲೀಚು ಹಾಕಬಹುದು, ಜೊತೆ ತಪ್ಪಿದ್ದು ಕಾಣುವುದಿಲ್ಲ. ಕನಿಷ್ಠ ಎರಡು ರಾತ್ರಿ ತಂಗಬೇಕೆಂಬ ನಿಯಮ ಹಾಕಿದರೆ ಒಗೆತ ಅರ್ಧಕ್ಕಿಳಿಯುತ್ತದೆ. ಪುಟ್ಟ ಮಕ್ಕಳಿರುವವರಿಗೆ ಅದು ಒಂದು ಕೋಣೆಯ ಆದಾಯಕ್ಕಿಂತ ಮೇಲು.

ಸಂಜೆ ಮತ್ತೆ ಡಿಕ್ಕಿ. ಅತಿಥಿಗಳು ಬಂದಿಳಿಯುವ ಹೊತ್ತೂ, ಮಕ್ಕಳಿಗೆ ಸ್ನಾನ ಮಾಡಿಸಿ ಉಣಿಸುವ ಹೊತ್ತೂ ಒಂದೇ. ಆಗಮನ ಐದರಿಂದ ಏಳರೊಳಗೆ ಎಂದು ಗೆರೆ ಎಳೆಯಲೇಬೇಕು. ವಿದೇಶದಿಂದ ಬಂದವರು, ನಾವು ನೀವೂ ಸೇರಿ, ಪೊಲೀಸ್ ಚೀಟಿಯೊಂದನ್ನು ತುಂಬಬೇಕು. 15ರೊಳಗಿನ ಮಕ್ಕಳ ಹೆಸರು ಹೆತ್ತವರ ಚೀಟಿಯಲ್ಲೇ ಬರೆದರೆ ಸಾಕು. ಮಾಲೀಕರು ಅದನ್ನು ಆರು ತಿಂಗಳು ಕಾಯ್ದಿಡಬೇಕು. ರಾತ್ರಿಯೂಟ ಕೊಡಲೇಬೇಕೆಂದೇನಿಲ್ಲ. ಕೊಡುವುದಾದರೆ ಒಂದೇ ಅಡುಗೆ, ಮನೆಯವರ ಮೇಜಿನಲ್ಲೇ, ತಂಗಿದವರಿಗಷ್ಟೇ. ಎಂಟಕ್ಕೆ ಕೂತ ಫ್ರೆಂಚರು ಹತ್ತಕ್ಕೆ ಏಳುವುದೂ ಅನುಮಾನ. ಹೀಗಾಗಿ ಮಕ್ಕಳಿಗೆ ಆರೂವರೆಗೇ ಬಡಿಸಿ, ಇಂಥ ಊಟವನ್ನು ವಾರಕ್ಕೆ ಎರಡು ದಿನಕ್ಕೆ ನಿಲ್ಲಿಸುವವರು ಬುದ್ಧಿವಂತರು.

ಮನೆಗೆ ಹಣ ಹಾಕುವ ವಿಷಯ ಬಂದಾಗ ನನ್ನ ಮತ ಇಷ್ಟು: ನಾಲ್ಕನೆಯ ಕೋಣೆಗೆ ಸುಣ್ಣ ಬಳಿಯುವ ಮುಂಚೆ ಮನೆಯವರಿಗೆಂದೇ ಒಂದು ಪುಟ್ಟ ಅಡುಗೆಮನೆ, ಬೇರೆ ಬಾಗಿಲು ಮಾಡಿಸಿ. ಹಳೆಯ ಮನೆಗಳ ಮರದ ನೆಲದ ಮೇಲೆ ಮಗು ಓಡಿದರೆ ಕೆಳಗೆ ಮಲಗಿದವರಿಗೆ ಗುಡುಗು. ಸಂಸಾರ ಮನೆಯ ಒಂದು ತುದಿಗೆ, ಅತಿಥಿಗಳು ಇನ್ನೊಂದು ತುದಿಗೆ ಇದ್ದರೆ ಮಕ್ಕಳನ್ನು ದಿನವಿಡೀ ಗದರುವುದು ತಪ್ಪುತ್ತದೆ. ಅತಿಥಿ ಅಡ್ಡಾಡುವ ಜಾಗದಲ್ಲಿ ಮಗು ಅಳುವಂತಿಲ್ಲ, ಆಟಿಕೆ ಹರಡುವಂತಿಲ್ಲ ಎಂದಾದರೆ ಮಗುವಿಗೆ ಮನೆಯೇ ಇಲ್ಲದಂತೆ.

ಈಜುಕೊಳ ಇದ್ದರೆ ಹುಷಾರು. ನೆಲದೊಳಗೆ ಕಟ್ಟಿದ ಖಾಸಗಿ ಕೊಳಗಳಿಗೆ ಬೇಲಿ, ಅಲಾರಂ, ಮುಚ್ಚಿಗೆ, ಮಾಡು ಈ ನಾಲ್ಕರಲ್ಲಿ ಒಂದು ಇರಲೇಬೇಕೆಂದು 2003ರ ಕಾನೂನು ಹೇಳುತ್ತದೆ. ಮಕ್ಕಳಿರುವ ಮನೆಗೆ ಬೇಲಿಯೇ ಸರಿ. ಈಜಿ ಹೋದ ಅತಿಥಿ ಮುಚ್ಚಿಗೆ ಎಳೆಯುವುದನ್ನು ಮರೆಯುತ್ತಾನೆ, ಅಲಾರಂ ಆರಿಸಿದವನು ಮತ್ತೆ ಹಾಕುವುದಿಲ್ಲ. 1.10 ಮೀಟರ್ ಎತ್ತರದ ಬೇಲಿಗೆ ತಾನೇ ಮುಚ್ಚಿಕೊಳ್ಳುವ ಗೇಟು ಹಾಕಿದರೆ ಯಾರ ನೆನಪಿನ ಶಕ್ತಿಯನ್ನೂ ನಂಬಬೇಕಿಲ್ಲ. ಆದರೂ ಮಗು ಹೊರಗಿದ್ದಾಗ ದೊಡ್ಡವರೊಬ್ಬರ ಕಣ್ಣು ಅತ್ತ ಇರಲೇಬೇಕು.

ಕೊನೆಗೆ ರಜೆಯ ಲೆಕ್ಕ. ಜುಲೈ, ಆಗಸ್ಟಿನಲ್ಲಿ ಶಾಲೆಗೆ ರಜೆ, ಕೋಣೆಗಳೂ ಭರ್ತಿ; ಮಕ್ಕಳಿಗೆ ಹೆತ್ತವರು ಬೇಕಾಗುವ ತಿಂಗಳಲ್ಲೇ ಹೆತ್ತವರಿಗೆ ಬಿಡುವಿಲ್ಲ. ಚಳಿಗಾಲದ, ವಸಂತದ ರಜೆಗಳನ್ನು ಮಾತ್ರ ದೇಶವನ್ನು ಮೂರು ವಲಯ ಮಾಡಿ ಹಿಂದುಮುಂದಾಗಿ ಕೊಡುತ್ತಾರೆ. ದೊರ್ದೋನ್ ಎ ವಲಯ, ಪ್ಯಾರಿಸ್ ಸಿ ವಲಯ. ಎರಡೂ ಒಂದರ ಮೇಲೊಂದು ಪೂರ್ತಿ ಬೀಳದ ವರ್ಷ, ನಿಮ್ಮ ಮಕ್ಕಳು ಮನೆಯಲ್ಲಿದ್ದು ಪ್ಯಾರಿಸಿನವರು ಇನ್ನೂ ಹೊರಡದ ವಾರವೊಂದು ಸಿಕ್ಕೀತು. ಆ ವಾರವನ್ನು, ಮಕ್ಕಳ ಹುಟ್ಟುಹಬ್ಬಗಳನ್ನು, ಊರಿಗೆ ಹೋಗಿಬರುವ ದಿನಗಳನ್ನು ಬುಕಿಂಗ್ ತಾಣದಲ್ಲಿ ವರ್ಷದ ಬಾಗಿಲು ತೆರೆಯುವ ಮುಂಚೆಯೇ ಮುಚ್ಚಿಡಬೇಕು. ಒಮ್ಮೆ ಒಪ್ಪಿಕೊಂಡ ಬುಕಿಂಗನ್ನು ಮನೆಯವರೇ ರದ್ದು ಮಾಡಿದರೆ ದಂಡ ಹಾಕುವ, ಪಟ್ಟಿಯಲ್ಲಿ ಕೆಳಗೆ ತಳ್ಳುವ ತಾಣಗಳಿವೆ.